ಗೇಮಿಂಗ್ ಕನ್ಸೋಲ್ ಲ್ಯಾಗ್: ದೋಷ ಎಲ್ಲಿದೆ ಎಂದು ಹಿಡಿಯುವುದು, ಸರಿಪಡಿಸುವುದು

‘ಗೇಮ್ ಲ್ಯಾಗ್ ಆಗ್ತಿದೆ’ ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಡಿಸ್ಕ್ ಅಥವಾ ಸಿಸ್ಟಮ್ ತಡವರಿಸುತ್ತಿರುತ್ತದೆ. ಎರಡು, ಚಿತ್ರ ಬಿಡಿಸುವ ಚಿಪ್‌ಗೆ ಕೆಲಸ ಹೆಚ್ಚಾಗಿ ಫ್ರೇಮ್ (ಸೆಕೆಂಡ್‌ಗೆ ಮೂಡುವ ಚಿತ್ರಗಳ ಸಂಖ್ಯೆ) ಬೀಳುತ್ತಿರುತ್ತದೆ. ಮೂರು, ಕನ್ಸೋಲ್ ಸರಿಯಾಗಿಯೇ ಇದ್ದು ಟಿವಿಯೋ ಕಂಟ್ರೋಲರೋ ತಡ ಮಾಡುತ್ತಿರುತ್ತದೆ. ನಾಲ್ಕು, ನೆಟ್. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಟಿವಿಯ ತಪ್ಪಿಗೆ ಕನ್ಸೋಲನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು, ಹಾರ್ಡ್ ಡಿಸ್ಕ್ ಸಾಯುತ್ತಿರುವಾಗ ನೆಟ್ ಪ್ಲಾನ್ ಏರಿಸುವುದು, ಇವೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಹತ್ತು ನಿಮಿಷ ಪತ್ತೆ ಕೆಲಸಕ್ಕೆ ಕೊಡಿ.

ಹತ್ತು ನಿಮಿಷದ ಪರೀಕ್ಷೆ

ಮೊದಲು ನೆಟ್ ಕಿತ್ತುಬಿಡಿ. ಲ್ಯಾನ್ ಕೇಬಲ್ ತೆಗೆಯಿರಿ ಅಥವಾ ಸೆಟ್ಟಿಂಗ್ಸ್‌ನಲ್ಲಿ ಇಂಟರ್ನೆಟ್ ಸಂಪರ್ಕ ಆಫ್ ಮಾಡಿ. ನೆಟ್ ಬೇಡದ ಒಂದು ಗೇಮ್ ಆಡಿ. ತೊಂದರೆ ಪೂರ್ತಿ ಮಾಯವಾದರೆ ಡಿಸ್ಕ್, ಧೂಳು, ಟಿವಿಗಳ ಗೊಡವೆ ಬೇಡ. ನೇರವಾಗಿ ಕೆಳಗಿನ ನೆಟ್ ಭಾಗಕ್ಕೆ ಹೋಗಿ. ಆನ್‌ಲೈನ್ ಲ್ಯಾಗ್‌ಗೆ ಇನ್ನೊಂದು ಗುರುತೂ ಇದೆ: ಚಿತ್ರ ನುಣುಪಾಗಿ ಓಡುತ್ತಿರುತ್ತದೆ, ಆದರೆ ಮುಂದೆ ಓಡಿದ ಆಟಗಾರ ರಬ್ಬರ್ ಕಟ್ಟಿ ಎಳೆದಂತೆ ಹಿಂದಿನ ಜಾಗಕ್ಕೇ ಬಂದು ನಿಲ್ಲುತ್ತಾನೆ. ಗುಂಡು ತಗುಲಿದ್ದು ಕಂಡರೂ ಎದುರಾಳಿ ಬೀಳುವುದಿಲ್ಲ.

ನೆಟ್ ಇಲ್ಲದೆಯೂ ತೊಂದರೆ ಉಳಿದರೆ ಹೋಮ್ ಸ್ಕ್ರೀನ್ ಗಮನಿಸಿ. ಯಾವ ಗೇಮೂ ಓಡದೆ ಇರುವಾಗಲೇ ಐಕಾನ್‌ಗಳು ಬರಲು ತಡವಾಗುವುದು, ಸೆಟ್ಟಿಂಗ್ಸ್ ತೆರೆಯಲು ಎಂಟು ಹತ್ತು ಸೆಕೆಂಡ್ ಹಿಡಿಯುವುದು ಡಿಸ್ಕ್ ಅಥವಾ ಸಿಸ್ಟಮ್ ದೋಷದ ಲಕ್ಷಣ. ಮೆನು ಚುರುಕಾಗಿದ್ದು, ಗೇಮ್‌ನೊಳಗೆ ಸ್ಫೋಟ, ಜನಸಂದಣಿ, ದಟ್ಟ ಕಾಡು ಬಂದಾಗ ಮಾತ್ರ ಚಿತ್ರ ಜರ್ಕ್ ಹೊಡೆದರೆ ಅದು ಫ್ರೇಮ್ ದರ. ಚಿತ್ರ ಎಲ್ಲೂ ತುಂಡಾಗದೆ, ಮೆನುವಿನಲ್ಲೂ ಗೇಮ್‌ನಲ್ಲೂ ಒತ್ತಿದ ಬಟನ್ ಒಂದೇ ಸಮನೆ ತಡವಾಗಿ ತಾಗಿದರೆ ಟಿವಿ ಅಥವಾ ಕಂಟ್ರೋಲರ್. ಎಲ್ಲ ಗೇಮ್‌ಗಳೂ ಸರಿಯಿದ್ದು ಒಂದೇ ಒಂದು ಗೇಮ್ ಮಾತ್ರ ಒದ್ದಾಡಿದರೆ, ತಪ್ಪು ಬಹುಪಾಲು ಆ ಗೇಮ್‌ನದೇ. ಅದರ ಅಪ್‌ಡೇಟ್ ನೋಡಿ, ಆಗಲಿಲ್ಲವೆಂದರೆ ಅದೊಂದನ್ನೇ ತೆಗೆದು ಮತ್ತೆ ಹಾಕಿ.

ಮುಂದಿನ ಕೆಲಸಕ್ಕೆಲ್ಲ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಗೇಮ್, ಅದೇ ಜಾಗ, ಅದೇ ಪರೀಕ್ಷೆ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮತ್ತೆ ಕೆಟ್ಟಾಗ ಮೊದಲಿಂದ ಶುರು.

ಪೂರ್ತಿ ಆಫ್ ಮಾಡುವುದು ಎಂದರೆ

ಕಂಟ್ರೋಲರ್‌ನಿಂದ ಆಫ್ ಮಾಡಿದಾಗ ಈಗಿನ ಕನ್ಸೋಲ್‌ಗಳು ಎಷ್ಟೋ ಸಲ ನಿದ್ದೆಗೆ ಜಾರುತ್ತವೆ, ಆಫ್ ಆಗುವುದಿಲ್ಲ. ವಾರಗಟ್ಟಲೆ ರೆಸ್ಟ್ ಮೋಡ್‌ನಲ್ಲೇ ಇದ್ದ ಯಂತ್ರದ ಮೆಮೊರಿಯಲ್ಲಿ ಹಳೆಯ ಗೇಮ್‌ನ ಕಸ ಉಳಿದಿರುತ್ತದೆ. ಎಷ್ಟೋ ದೂರುಗಳು ಪೂರ್ತಿ ಆಫ್‌ಗೇ ತೀರಿಹೋಗುತ್ತವೆ.

ಪಿಎಸ್4, ಪಿಎಸ್5ರಲ್ಲಿ (ಪ್ಲೇಸ್ಟೇಷನ್ 4, 5) ಪವರ್ ಮೆನುವಿನಿಂದ ಟರ್ನ್ ಆಫ್ ಆರಿಸಿ, ದೀಪ ಪೂರ್ತಿ ಆರಿದ ಮೇಲೆ ಪ್ಲಗ್ ತೆಗೆದು ಒಂದು ನಿಮಿಷ ಬಿಡಿ. ದೀಪ ಉರಿಯುತ್ತಿರುವಾಗ ಪ್ಲಗ್ ಎಳೆಯಬೇಡಿ. ಡಿಸ್ಕ್‌ನ ಡೇಟಾಬೇಸ್ ಹಾಳಾಗುವುದಕ್ಕೆ ಅದೇ ಮುಖ್ಯ ದಾರಿ. ಎಕ್ಸ್‌ಬಾಕ್ಸ್‌ನಲ್ಲಿ ಕನ್ಸೋಲ್ ಮೇಲಿನ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ, ಪ್ಲಗ್ ತೆಗೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ನಿಂಟೆಂಡೊ ಸ್ವಿಚ್‌ನಲ್ಲಿ ಪವರ್ ಬಟನ್ 3 ಸೆಕೆಂಡ್ ಹಿಡಿದರೆ ಪವರ್ ಆಪ್ಷನ್ಸ್ ಬರುತ್ತದೆ, ಅಲ್ಲಿ ಟರ್ನ್ ಆಫ್. ಪೂರ್ತಿ ಹ್ಯಾಂಗ್ ಆಗಿದ್ದರೆ ಅದೇ ಬಟನ್ 12 ಸೆಕೆಂಡ್.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್ ಇಟ್ಟುಕೊಂಡವರು ಕ್ವಿಕ್ ರೆಸ್ಯೂಮ್ ಎಂಬ ಸೌಲಭ್ಯದ ಮೇಲೆ ಒಂದು ಕಣ್ಣಿಡಬೇಕು. ನಿನ್ನೆ ಅರ್ಧಕ್ಕೆ ನಿಂತ ಗೇಮ್ ಇಂದು ಅಲ್ಲಿಂದಲೇ ಏಳುವುದು ಚೆಂದವೇ, ಆದರೆ ಆನ್‌ಲೈನ್ ಗೇಮ್ ನಿನ್ನೆಯ ಸತ್ತ ಸರ್ವರ್ ಸಂಪರ್ಕವನ್ನೇ ಹಿಡಿದುಕೊಂಡು ಏಳುತ್ತದೆ. ಗೇಮ್ ಐಕಾನ್ ಮೇಲೆ ಮೆನು ಬಟನ್ ಒತ್ತಿ, ಕ್ವಿಟ್ ಕೊಟ್ಟು, ಹೊಸದಾಗಿ ತೆರೆಯಿರಿ.

ಎಕ್ಸ್‌ಬಾಕ್ಸ್‌ನ ‘ಪರ್ಸಿಸ್ಟೆಂಟ್ ಸ್ಟೋರೇಜ್ ಕ್ಲಿಯರ್’ ಮಾಡಿದರೆ ಗೇಮ್ ವೇಗವಾಗುತ್ತದೆ ಎಂಬ ಸಲಹೆ ಬಹಳ ಓಡಾಡುತ್ತದೆ. ಅದು ಇರುವುದೇ ಬ್ಲೂ-ರೇ ಮೆನುವಿನೊಳಗೆ. ಅಳಿಸುವುದು ಸಿನಿಮಾ ಡಿಸ್ಕ್‌ಗಳು ಇಟ್ಟ ಮಾಹಿತಿಯನ್ನು. ಮಾಡಿದರೆ ನಷ್ಟವಿಲ್ಲ, ಲಾಭವೂ ಇಲ್ಲ.

ಡಿಸ್ಕ್

ಹಳೆಯ ತಲೆಮಾರಿನ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗಳು ನಿಧಾನವಾಗುವುದಕ್ಕೆ ಮೊದಲ ಅನುಮಾನ ಹಾರ್ಡ್ ಡಿಸ್ಕ್ ಮೇಲೆಯೇ ಇರಲಿ. ಒಳಗಿರುವುದು ಲ್ಯಾಪ್‌ಟಾಪ್ ಅಳತೆಯ, ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಲೆಕ್ಕ ಹಾಕಿದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಸೂಜಿ ಆ ಟ್ರ್ಯಾಕ್‌ಗೆ ಸರಿಯಬೇಕು. ಒಂದೇ ದೊಡ್ಡ ಫೈಲ್ ಓದುವಾಗ ಇದು ಲೆಕ್ಕಕ್ಕೆ ಬಾರದು. ಚೂರುಚೂರಾಗಿ ಹರಡಿದ ಸಾವಿರ ಫೈಲ್ ಓದುವಾಗ ಕಾಯುವುದೇ ಕೆಲಸವಾಗುತ್ತದೆ. ಓಪನ್ ವರ್ಲ್ಡ್ ಗೇಮ್‌ನಲ್ಲಿ ಗಾಡಿ ಓಡಿಸುವಾಗ ಎದುರಿನ ಕಟ್ಟಡ ಮೊದಲು ಮೇಣದ ಗೊಂಬೆಯಂತೆ ಬಂದು, ಎರಡು ಸೆಕೆಂಡ್ ಬಿಟ್ಟು ಕಿಟಕಿ ಬಾಗಿಲು ಮೂಡುತ್ತವಲ್ಲ, ಅದು ಡಿಸ್ಕ್ ಹಿಂದೆ ಬಿದ್ದಿರುವ ಲಕ್ಷಣ.

ಮೊದಲು ಖಾಲಿ ಜಾಗ ನೋಡಿ. ಹಾರ್ಡ್ ಡಿಸ್ಕ್ ಇರುವ ಕನ್ಸೋಲ್‌ನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ, 500 ಜಿಬಿಗೆ 50 ಜಿಬಿ. ಪಿಎಸ್4ರ ಅಪ್‌ಡೇಟ್ ವಿಧಾನಕ್ಕೆ ಇದಕ್ಕಿಂತ ಹೆಚ್ಚು ಬೇಕು. ಡೌನ್‌ಲೋಡ್ ಆದ ಮೇಲೆ ಅದು ಗೇಮ್‌ನ ಹೊಸ ಪ್ರತಿಯನ್ನೇ ಕಟ್ಟಿಕೊಳ್ಳುತ್ತದೆ. 2 ಜಿಬಿ ಅಪ್‌ಡೇಟ್‌ಗೆ 80 ಜಿಬಿ ಜಾಗ ಕೇಳುವುದು, ‘ಕಾಪಿಯಿಂಗ್’ ಎಂದು ಗಂಟೆಗಟ್ಟಲೆ ನಿಲ್ಲುವುದು ಅದಕ್ಕೇ. ಆ ಹೊತ್ತಿನಲ್ಲಿ ಇನ್ನೊಂದು ಗೇಮ್ ಆಡಿದರೆ ಎರಡೂ ಒಂದೇ ಸೂಜಿಗೆ ಜಗಳವಾಡುತ್ತವೆ, ಎರಡೂ ನಿಧಾನವಾಗುತ್ತವೆ.

ಎರಡನೆಯದು ರೀಬಿಲ್ಡ್ ಡೇಟಾಬೇಸ್. ಪಿಎಸ್4 ಅಥವಾ ಪಿಎಸ್5 ಪೂರ್ತಿ ಆಫ್ ಮಾಡಿ. ಪವರ್ ಬಟನ್ ಒತ್ತಿ ಹಿಡಿದುಕೊಳ್ಳಿ. ಕೂಡಲೇ ಒಂದು ಬೀಪ್ ಬರುತ್ತದೆ, ಬಿಡಬೇಡಿ. ಸುಮಾರು 7 ಸೆಕೆಂಡ್‌ಗೆ ಎರಡನೆಯ ಬೀಪ್, ಆಗ ಬಿಡಿ. ಸೇಫ್ ಮೋಡ್ ತೆರೆಯುತ್ತದೆ. ಇಲ್ಲಿ ವೈರ್‌ಲೆಸ್ ನಡೆಯದು. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಸೇರಿಸಿ ಪಿಎಸ್ ಬಟನ್ ಒತ್ತಿ. ಒತ್ತಿದರೂ ಸಂಪರ್ಕಿಸಿ ಎಂದೇ ಕೇಳುತ್ತಿದ್ದರೆ ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ, ಡೇಟಾ ತಂತಿ ಇಲ್ಲದ ಕೇಬಲ್‌ಗಳು ಮನೆಮನೆಯಲ್ಲೂ ಇರುತ್ತವೆ. ಎರಡೂ ಯಂತ್ರಗಳಲ್ಲಿ ಬೇಕಾದ್ದು 5ನೆಯ ಆಯ್ಕೆ. ಪಿಎಸ್5ರಲ್ಲಿ ಅದರೊಳಗೆ ಮತ್ತೆರಡು: ಸಿಸ್ಟಮ್ ಕ್ಯಾಶ್ (ಯಂತ್ರ ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿ) ಅಳಿಸುವುದು, ಡೇಟಾಬೇಸ್ ಕಟ್ಟುವುದು. ಮೊದಲು ಕ್ಯಾಶ್, ಆಮೇಲೆ ಡೇಟಾಬೇಸ್. 6 ಮತ್ತು 7ನೆಯ ಆಯ್ಕೆಗಳು ಎಲ್ಲವನ್ನೂ ಅಳಿಸುತ್ತವೆ, ಬೆರಳು ಜಾರದಂತೆ ನೋಡಿಕೊಳ್ಳಿ.

ಈ ಕೆಲಸದಲ್ಲಿ ಗೇಮ್‌ಗಳೂ ಸೇವ್‌ಗಳೂ ಹೋಗುವುದಿಲ್ಲ. ಡಿಸ್ಕ್‌ನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಪಟ್ಟಿಯನ್ನು ಯಂತ್ರ ಹೊಸದಾಗಿ ಬರೆದುಕೊಳ್ಳುತ್ತದೆ, ಅಷ್ಟೆ. ಐದು ನಿಮಿಷದಲ್ಲೂ ಮುಗಿಯಬಹುದು, ತುಂಬಿದ ದೊಡ್ಡ ಡಿಸ್ಕ್ ಆದರೆ ಕೆಲವು ಗಂಟೆಯೂ ಹಿಡಿಯಬಹುದು. ಮಧ್ಯೆ ಕರೆಂಟ್ ಹೋಗಬಾರದು. ಮೆನು ತಡವರಿಸುವುದಕ್ಕೆ ಇದು ಒಳ್ಳೆಯ ಮದ್ದು. ಗೇಮ್‌ನೊಳಗಿನ ಫ್ರೇಮ್ ದರಕ್ಕೆ ಇದರಿಂದ ಏನೂ ಆಗದು.

ರೀಬಿಲ್ಡ್ ಆದ ಮೇಲೂ ಮೆನು ಕೆಲವೊಮ್ಮೆ ಕಲ್ಲಿನಂತೆ ನಿಂತುಬಿಟ್ಟರೆ, ಒಳಗಿನಿಂದ ಟಿಕ್ ಟಿಕ್ ಸದ್ದು ಬಂದರೆ, ಪಿಎಸ್4ರಲ್ಲಿ ಬೇರೆ ಬೇರೆ ಗೇಮ್‌ಗಳು ಸಿಇ-34878-0 ಎಂಬ ಎರರ್ ಸಂಖ್ಯೆ ಹೇಳಿ ಮುಚ್ಚಿಕೊಂಡರೆ ಡಿಸ್ಕ್ ಸಾಯುತ್ತಿದೆಯೇ ಎಂದು ನೋಡಬೇಕು. ಆ ಸಂಖ್ಯೆ ಬರಿಯ ಡಿಸ್ಕ್‌ನದ್ದಲ್ಲ, ಗೇಮ್ ಯಾವ ಕಾರಣಕ್ಕೆ ಕುಸಿದರೂ ಬರುತ್ತದೆ. ಒಂದೇ ಗೇಮ್‌ನಲ್ಲಿ ಬಂದರೆ ಗೇಮ್‌ನ ತಪ್ಪು, ಎಲ್ಲದರಲ್ಲೂ ಬಂದರೆ ಯಂತ್ರದ್ದು.

ಖಚಿತ ಮಾಡಿಕೊಳ್ಳಲು ಪಿಎಸ್4ರ ಡಿಸ್ಕ್ ಹೊರತೆಗೆದು ಸಾಟಾ-ಯುಎಸ್‌ಬಿ ಅಡಾಪ್ಟರ್ (ಡಿಸ್ಕ್‌ನ ಸಾಟಾ ಕೊಂಡಿಯನ್ನು ಯುಎಸ್‌ಬಿಗೆ ಸೇರಿಸುವ ಸಾಧನ) ಮೂಲಕ ಕಂಪ್ಯೂಟರ್‌ಗೆ ಸೇರಿಸಿ. ಒಳಗಿನ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ವಿಂಡೋಸ್‌ಗೆ ಅರ್ಥವಾಗದೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಓಕೆ ಒತ್ತಿದರೆ ಎಲ್ಲ ಹೋಯಿತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಸಾಫ್ಟ್‌ವೇರ್‌ನಲ್ಲಿ ಎರಡು ಸಾಲು ನೋಡಿ: ರೀಅಲೋಕೇಟೆಡ್ ಸೆಕ್ಟರ್ಸ್ (ಕೆಟ್ಟು ಬದಲಾದ ಜಾಗಗಳು) ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ಸ್ (ಈಗ ಓದಲಾಗದ ಜಾಗಗಳು). ಎರಡೂ ಸೊನ್ನೆ ಇರಬೇಕು. ಪೆಂಡಿಂಗ್ ಹತ್ತಾರು ಇದ್ದರೆ ಡಿಸ್ಕ್ ಆ ಜಾಗಗಳನ್ನು ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂದರ್ಥ. ನೀವು ಕಾಣುವ ‘ನಿಧಾನ’ ಆ ಮರುಪ್ರಯತ್ನವೇ.

ಬದಲಿಸುವುದಾದರೆ ಮತ್ತೆ ತಿರುಗುವ ಡಿಸ್ಕ್ ಹಾಕಬೇಡಿ, ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ ಹಾಕಿ. ಅಳತೆ 2.5 ಇಂಚು, ದಪ್ಪ 9.5 ಮಿಲಿಮೀಟರ್ ಮೀರಬಾರದು. ಹೊಸ ಡಿಸ್ಕ್‌ಗೆ ಸಿಸ್ಟಮ್ ಹಾಕಲು ಪೆನ್‌ಡ್ರೈವ್‌ನಲ್ಲಿ ರೀಇನ್‌ಸ್ಟಾಲ್ ಫೈಲ್ ಬೇಕು. ಮಾಮೂಲಿ ಅಪ್‌ಡೇಟ್ ಫೈಲ್ ಸಾಲದು, ಅದು ಗಾತ್ರದಲ್ಲೂ ಚಿಕ್ಕದು. ಪೆನ್‌ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಲಿ, ಫೋಲ್ಡರ್ ಹೆಸರುಗಳು ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇರಲಿ. ಎಸ್‌ಎಸ್‌ಡಿಯಿಂದ ಲೋಡಿಂಗ್ ಸಮಯ ಇಳಿಯುತ್ತದೆ, ಮೆನು ಚುರುಕಾಗುತ್ತದೆ. 30 ಫ್ರೇಮ್‌ನ ಗೇಮ್ 60 ಆಗುವುದಿಲ್ಲ. ಯಂತ್ರ ಬಿಚ್ಚಲು ಮನಸ್ಸಿಲ್ಲದವರು ಯುಎಸ್‌ಬಿ 3.0 ಎಸ್‌ಎಸ್‌ಡಿಗೆ ಗೇಮ್‌ಗಳನ್ನು ಸಾಗಿಸಿದರೂ ಲಾಭದ ಬಹುಪಾಲು ಸಿಗುತ್ತದೆ. ಪಿಎಸ್4ಕ್ಕೆ ಕನಿಷ್ಠ 250 ಜಿಬಿ, ಎಕ್ಸ್‌ಬಾಕ್ಸ್‌ಗೆ ಕನಿಷ್ಠ 128 ಜಿಬಿ ಡ್ರೈವ್ ಬೇಕು, ಹಬ್ ಮೂಲಕ ಹಾಕಬಾರದು.

ಹೊಸ ಯಂತ್ರಗಳ ಮಾತು ಬೇರೆ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗಳ ಸ್ವಂತ ಗೇಮ್‌ಗಳು ಯುಎಸ್‌ಬಿ ಡ್ರೈವ್‌ನಿಂದ ಓಡುವುದೇ ಇಲ್ಲ. ಅಲ್ಲಿ ಇಡಬಹುದು, ಆಡಲು ಒಳಗೆ ತರಬೇಕು. ಹಳೆಯ ತಲೆಮಾರಿನ ಗೇಮ್‌ಗಳು ಓಡುತ್ತವೆ. ಪಿಎಸ್5ರೊಳಗೆ ಎಂ.2 ಎಸ್‌ಎಸ್‌ಡಿ (ಪಟ್ಟಿಯಂಥ ಚಪ್ಪಟೆ ಎಸ್‌ಎಸ್‌ಡಿ) ಹಾಕುವುದಾದರೆ ಪಿಸಿಐಇ ಜೆನ್4 ಮಾದರಿಯದು, ಓದುವ ವೇಗ ಸೆಕೆಂಡ್‌ಗೆ 5500 ಎಂಬಿ ಅಥವಾ ಹೆಚ್ಚು, ಜೊತೆಗೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಕಡ್ಡಾಯ. ಹೀಟ್‌ಸಿಂಕ್ ಇಲ್ಲದ ಎಂ.2 ಕಾದ ಮೇಲೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ತೊದಲುವ ಯಂತ್ರದಲ್ಲಿ ಇದನ್ನು ಮರೆಯದೆ ನೋಡಿ.

ಸ್ವಿಚ್‌ನಲ್ಲಿ ತಪ್ಪಿತಸ್ಥ ಹೆಚ್ಚಾಗಿ ಮೆಮೊರಿ ಕಾರ್ಡ್. ಗೇಮನ್ನು ಕಾರ್ಡ್‌ನಿಂದ ಒಳಗಿನ ಮೆಮೊರಿಗೆ ಸಾಗಿಸಿ ಅದೇ ದೃಶ್ಯ ಆಡಿ ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆದರೆ ಕಾರ್ಡ್ ಬದಲಿಸಿ. ಯುಎಚ್‌ಎಸ್-1 ಕಾರ್ಡ್, ಓದುವ ವೇಗ ಸೆಕೆಂಡ್‌ಗೆ 60ರಿಂದ 95 ಎಂಬಿ ಇದ್ದರೆ ಸಾಕು. ಅದಕ್ಕಿಂತ ವೇಗದ್ದಕ್ಕೆ ಹಣ ಸುರಿದರೆ ಹಳೆಯ ಸ್ವಿಚ್‌ಗೆ ಅದನ್ನು ಬಳಸುವ ಶಕ್ತಿಯಿಲ್ಲ. ಸ್ವಿಚ್ 2ಕ್ಕೆ ಮಾತ್ರ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಹಳೆಯ ಕಾರ್ಡ್‌ನಲ್ಲಿ ಅದರ ಗೇಮ್‌ಗಳು ಓಡುವುದಿಲ್ಲ. ನಕಲಿ ಕಾರ್ಡ್‌ಗಳ ಕಾಟ ಬೇರೆ: ಹೊರಗೆ 512 ಜಿಬಿ ಎಂದು ಬರೆದಿರುತ್ತದೆ, ಒಳಗೆ 32 ಜಿಬಿ ಇರುತ್ತದೆ. ಕಂಪ್ಯೂಟರ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಕಾರ್ಡ್‌ನ ಕೊನೆಯವರೆಗೂ ಬರೆದು ಓದಿಸಿದರೆ ಬಣ್ಣ ಬಯಲಾಗುತ್ತದೆ.

ಗೇಮ್‌ನೊಳಗೆ ಫ್ರೇಮ್ ಬಿದ್ದರೆ

30 ಫ್ರೇಮ್‌ನಲ್ಲಿ ಒಂದೊಂದು ಚಿತ್ರ 33.3 ಮಿಲಿಸೆಕೆಂಡ್ ಪರದೆ ಮೇಲಿರುತ್ತದೆ, 60ರಲ್ಲಿ 16.7. ಗೇಮ್‌ನ ಗ್ರಾಫಿಕ್ಸ್ ಮೆನುವಿನಲ್ಲಿ ಕ್ವಾಲಿಟಿ ಅಥವಾ ರೆಸಲ್ಯೂಷನ್ ಮೋಡ್ ಇದ್ದರೆ ಪರ್ಫಾರ್ಮೆನ್ಸ್‌ಗೆ ಬದಲಿಸಿ. ಪಿಎಸ್5ರ ಗೇಮ್ ಪ್ರಿಸೆಟ್ಸ್‌ನಲ್ಲಿ ಒಮ್ಮೆ ಪರ್ಫಾರ್ಮೆನ್ಸ್ ಆರಿಸಿಟ್ಟರೆ ಆ ಸೌಲಭ್ಯಕ್ಕೆ ಹೊಂದುವ ಗೇಮ್‌ಗಳು ತೆರೆಯುವಾಗಲೇ ಅದನ್ನು ಪಾಲಿಸುತ್ತವೆ. 120 ಹರ್ಟ್ಸ್ (ಸೆಕೆಂಡ್‌ಗೆ 120 ಸಲ ಚಿತ್ರ ಬದಲಿಸುವ) ಟಿವಿ ಇದ್ದವರಿಗೆ ಕೆಲವು ಗೇಮ್‌ಗಳು 40 ಫ್ರೇಮ್ ಮೋಡ್ ಕೊಡುತ್ತವೆ. ಕೇಳಲು 30ಕ್ಕೆ ಹತ್ತಿರ ಅನ್ನಿಸಿದರೂ ಒಂದು ಫ್ರೇಮ್‌ಗೆ 25 ಮಿಲಿಸೆಕೆಂಡ್, ಅಂದರೆ ಸಮಯದ ಲೆಕ್ಕದಲ್ಲಿ 30 ಮತ್ತು 60ರ ಸರಿ ನಡುವೆ. ಆಡಿ ನೋಡಿದರೆ ಗೊತ್ತಾಗುತ್ತದೆ.

ಫ್ರೇಮ್ ಏರಿಳಿತವನ್ನು ಮರೆಮಾಡಲು ವಿಆರ್‌ಆರ್ ಇದೆ. ಕನ್ಸೋಲ್‌ನ ಚಿತ್ರ ತಯಾರಾಗುವವರೆಗೆ ಟಿವಿ ಕಾಯುತ್ತದೆ. ಪಿಎಸ್5ರಲ್ಲಿ ಇದು 48ರಿಂದ 120 ಹರ್ಟ್ಸ್ ನಡುವೆ ಕೆಲಸ ಮಾಡುವುದರಿಂದ 60ರ ಗೇಮ್ 52ಕ್ಕೆ ಇಳಿದರೆ ಕಣ್ಣಿಗೆ ಕಾಣದು. 40ಕ್ಕೆ ಇಳಿದರೆ ವಿಆರ್‌ಆರ್ ಕೂಡ ಕೈಚೆಲ್ಲುತ್ತದೆ, ಗೇಮ್ ತಾನೇ ವಿಶೇಷ ವ್ಯವಸ್ಥೆ ಮಾಡಿಕೊಂಡಿದ್ದರೆ ಮಾತ್ರ ಉಂಟು.

ಹಿನ್ನೆಲೆಯ ಡೌನ್‌ಲೋಡ್, ವಿಡಿಯೊ ರೆಕಾರ್ಡಿಂಗ್, ಲೈವ್ ಪ್ರಸಾರ ಇವನ್ನೂ ನಿಲ್ಲಿಸಿ ನೋಡಿ. ಹಾರ್ಡ್ ಡಿಸ್ಕ್ ಯಂತ್ರಗಳಲ್ಲಿ ಡೌನ್‌ಲೋಡ್‌ನ ಭಾರ ನೆಟ್‌ಗಿಂತ ಡಿಸ್ಕ್ ಮೇಲೆಯೇ ಹೆಚ್ಚು.

ಬಿಸಿ, ಧೂಳು

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಫೋನ್, ಲ್ಯಾಪ್‌ಟಾಪ್‌ಗಳು ಕಾದರೆ ನಿಧಾನವಾಗುತ್ತವೆ, ಹಾಗಾಗಿ ಕನ್ಸೋಲೂ ಹಾಗೆಯೇ ಎಂದುಕೊಳ್ಳುತ್ತೇವೆ. ಪಿಎಸ್5ರ ಚಿಪ್ ತನ್ನ ವೇಗವನ್ನು ಕೋಣೆಯ ಬಿಸಿ ನೋಡಿ ಬದಲಿಸುವುದಿಲ್ಲ. ಯಾವ ದೃಶ್ಯಕ್ಕೆ ಎಷ್ಟು ವಿದ್ಯುತ್ ಬೇಕೆಂಬ ಲೆಕ್ಕದ ಮೇಲೆ ಬದಲಿಸುತ್ತದೆ, ಎಲ್ಲ ಪಿಎಸ್5ಗಳೂ ಒಂದೇ ಥರ ಓಡಲಿ ಎಂದೇ ಹಾಗೆ ಮಾಡಿದ್ದಾರೆ. ಆದ್ದರಿಂದ ಕಾದ ಕನ್ಸೋಲ್ ಮೊದಲು ಕೊಡುವ ಸುಳಿವು ಲ್ಯಾಗ್ ಅಲ್ಲ, ಫ್ಯಾನ್‌ನ ಬೊಬ್ಬೆ. ಆಮೇಲೆ ‘ತುಂಬ ಬಿಸಿಯಾಗಿದೆ’ ಎಂಬ ಎಚ್ಚರಿಕೆ, ಆಮೇಲೆ ತಾನೇ ಆಫ್. ಫ್ಯಾನ್ ಮೌನವಾಗಿದ್ದು ಲ್ಯಾಗ್ ಮಾತ್ರ ಇದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ. ಡಿಸ್ಕ್‌ಗಳ ಮಾತು ಬೇರೆ, ಅವು ಬಿಸಿಗೆ ಬಳಲುತ್ತವೆ.

ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಿ. ಬಾಗಿಲು ಮುಚ್ಚಿದ ಕಪಾಟು, ಕಾರ್ಪೆಟ್, ಹಾಸಿಗೆ ಬೇಡ. ವರ್ಷಕ್ಕೆರಡು ಸಲ ಗಾಳಿಕಿಂಡಿ ಶುಚಿ ಮಾಡಿ. ಪಿಎಸ್5ರ ಪಕ್ಕದ ಹೊದಿಕೆ ಕೈಯಲ್ಲೇ ಬಿಚ್ಚಬಹುದು, ಒಳಗೆ ಧೂಳು ಸೇರಲೆಂದೇ ಮಾಡಿದ ರಂಧ್ರಗಳಿವೆ, ಅಲ್ಲಿ ವ್ಯಾಕ್ಯೂಮ್ ಹಿಡಿದರೆ ಸಾಕು. ಸ್ಪ್ರೇ ಗಾಳಿಯ ಡಬ್ಬಿ ಬಳಸುವಾಗ ನೆಟ್ಟಗೆ ಹಿಡಿದು ಚಿಕ್ಕ ಚಿಕ್ಕದಾಗಿ ಊದಿ. ತಲೆಕೆಳಗೆ ಹಿಡಿದರೆ ಗಾಳಿಯ ಬದಲು ತಣ್ಣನೆಯ ದ್ರವ ಹಾರುತ್ತದೆ. ಊದುವಾಗ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ತಡೆಹಿಡಿಯಿರಿ, ಗಾಳಿಗೆ ಅದು ಗಿರಗಿರ ತಿರುಗಿದರೆ ಬೇರಿಂಗ್ ಹಾಳು. ಹಳೆಯ ಪಿಎಸ್4ರಲ್ಲಿ ಶುಚಿ ಮಾಡಿದರೂ ಬೊಬ್ಬೆ ನಿಲ್ಲದಿದ್ದರೆ ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಬದಲಿಸಬೇಕು. ಪಿಎಸ್5ರಲ್ಲಿ ಪೇಸ್ಟ್ ಬದಲು ದ್ರವ ಲೋಹ ಇದೆ, ವಿದ್ಯುತ್ ಹರಿಯುವ ವಸ್ತು. ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಒತ್ತಿದ್ದು ತಡವಾಗಿ ತಾಗಿದರೆ

ಟಿವಿಗಳು ಸಿನಿಮಾ ಚೆನ್ನಾಗಿ ಕಾಣಲೆಂದು ಪ್ರತಿ ಚಿತ್ರವನ್ನೂ ತಿದ್ದುತ್ತವೆ. ಗದ್ದಲ ಒರೆಸುತ್ತವೆ, ಅಂಚು ಚೂಪು ಮಾಡುತ್ತವೆ, ಎರಡು ಚಿತ್ರಗಳ ನಡುವೆ ಇಲ್ಲದ ಮೂರನೆಯದನ್ನು ಹೊಸೆದು ತೂರುತ್ತವೆ. ಈ ಕೊನೆಯ ಮೋಷನ್ ಸ್ಮೂದಿಂಗ್ ಇದೆಯಲ್ಲ, ಅದಕ್ಕೆ ಮುಂದಿನ ಚಿತ್ರ ಬರುವವರೆಗೆ ಈಗಿನದನ್ನು ತಡೆಹಿಡಿಯಲೇಬೇಕು. ಸಿನಿಮಾ ನೋಡುವವರಿಗೆ 100 ಮಿಲಿಸೆಕೆಂಡ್ ತಡ ತಿಳಿಯದು. ಗುರಿಯಿಡುವವರಿಗೆ ಅದು 60 ಫ್ರೇಮ್‌ನ ಗೇಮ್‌ನಲ್ಲಿ ಆರು ಚಿತ್ರ ಹಿಂದೆ ಬಿದ್ದಂತೆ.

ಅಂದಾಜು ಬೇಡ, ಅಳೆಯಿರಿ. ಫೋನ್ ಕ್ಯಾಮೆರಾದ ಸ್ಲೋ ಮೋಷನ್ 240 ಫ್ರೇಮ್‌ಗೆ ಇಡಿ. ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಹಿಡಿದು, ಜಿಗಿಯುವ ಬಟನ್ ಐದಾರು ಸಲ ಒತ್ತಿ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತ ಹೋಗಿ: ಬಟನ್ ತಳ ಮುಟ್ಟಿದ ಫ್ರೇಮ್‌ನಿಂದ ಪಾತ್ರದ ಕಾಲು ಅಲುಗಿದ ಫ್ರೇಮ್‌ವರೆಗೆ ಎಣಿಸಿ, 4.17ರಿಂದ ಗುಣಿಸಿ. 42 ಫ್ರೇಮ್ ಬಂದರೆ 175 ಮಿಲಿಸೆಕೆಂಡ್. ಈ ತಿದ್ದುವ ಕೆಲಸದ ಬಹುಪಾಲನ್ನು ಬಿಟ್ಟುಬಿಡುವ ಗೇಮ್ ಮೋಡ್ ಟಿವಿಯಲ್ಲಿ ಇರುತ್ತದೆ, ಅದನ್ನು ಹಾಕಿ ಮತ್ತೆ ಎಣಿಸಿ. 24ಕ್ಕೆ ಇಳಿದರೆ 100 ಮಿಲಿಸೆಕೆಂಡ್, ಉಳಿದ 75 ಟಿವಿಯೇ ನುಂಗುತ್ತಿತ್ತು. ಒಟ್ಟು ಸಂಖ್ಯೆಯಲ್ಲಿ ಗೇಮ್‌ನ ಪಾಲೂ ಇರುತ್ತದೆ, ಅದು ಸೊನ್ನೆಗೆ ಇಳಿಯದು. ನೋಡಬೇಕಾದ್ದು ವ್ಯತ್ಯಾಸವನ್ನು.

ಗೇಮ್ ಮೋಡ್ ಸಾಮಾನ್ಯವಾಗಿ ಒಂದೊಂದು ಎಚ್‌ಡಿಎಂಐ ಪೋರ್ಟ್‌ಗೂ ಬೇರೆ ಬೇರೆ. ಕನ್ಸೋಲ್ ಪೋರ್ಟ್ ಬದಲಿಸಿದಾಗ ಸದ್ದಿಲ್ಲದೆ ಹೋಗಿರುತ್ತದೆ. ಕನ್ಸೋಲ್‌ನ ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ ಎಎಲ್‌ಎಲ್‌ಎಂ ಆಟೊಮ್ಯಾಟಿಕ್ ಇಟ್ಟರೆ, ಒಪ್ಪುವ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗುತ್ತದೆ. ನಡುವೆ ಸ್ಪ್ಲಿಟರ್, ಸೌಂಡ್‌ಬಾರ್, ಹಳೆಯ ರಿಸೀವರ್ ಇದ್ದರೆ ತೆಗೆದು ನೇರವಾಗಿ ಟಿವಿಗೆ ಸೇರಿಸಿ ನೋಡಿ. 4ಕೆ 120 ಹರ್ಟ್ಸ್‌ಗೆ ಎಚ್‌ಡಿಎಂಐ 2.1 ಬೇಕು. ಹಲವು ಟಿವಿಗಳಲ್ಲಿ ಅಂಥ ಪೋರ್ಟ್ ಒಂದೋ ಎರಡೋ ಮಾತ್ರ.

ಕಂಟ್ರೋಲರ್ ಪರೀಕ್ಷೆ ಸುಲಭ. ಕೇಬಲ್‌ನಿಂದ ಸೇರಿಸಿ ಆಡಿ. ಪ್ಲೇಸ್ಟೇಷನ್‌ನಲ್ಲಿ ಕೇಬಲ್ ಚುಚ್ಚಿದ ಮಾತ್ರಕ್ಕೆ ಸಾಲದು, ಕಂಟ್ರೋಲರ್ ಸೆಟ್ಟಿಂಗ್ಸ್‌ನ ಕಮ್ಯುನಿಕೇಷನ್ ಮೆಥಡ್‌ನಲ್ಲಿ ಯೂಸ್ ಯುಎಸ್‌ಬಿ ಕೇಬಲ್ ಆರಿಸಬೇಕು. ಸ್ವಿಚ್ ಪ್ರೊ ಕಂಟ್ರೋಲರ್‌ಗೂ ವೈರ್ಡ್ ಕಮ್ಯುನಿಕೇಷನ್ ಎಂಬ ಆಯ್ಕೆ ಇದೆ. ಕೇಬಲ್‌ನಲ್ಲಿ ಸರಿಯಾದರೆ ತೊಂದರೆ ಗಾಳಿಯಲ್ಲಿದೆ. ಯಾರೂ ಅನುಮಾನಿಸದ ಅಪರಾಧಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್. ಅದರ ಕೇಬಲ್ ಮತ್ತು ಕನೆಕ್ಟರ್ 2.4 ಗಿಗಾಹರ್ಟ್ಸ್ ಸುತ್ತಲೇ ರೇಡಿಯೊ ಗದ್ದಲ ಎಬ್ಬಿಸುತ್ತವೆ, ಬ್ಲೂಟೂತ್ ಕೆಲಸ ಮಾಡುವುದೂ ಅಲ್ಲೇ. ಡಿಸ್ಕನ್ನು ಕನ್ಸೋಲ್‌ನ ಹಿಂದಿನ ಪೋರ್ಟ್‌ಗೆ ಹಾಕಿ, ಅರ್ಧ ಮೀಟರ್ ದೂರ ಇಡಿ, ಕವಚವಿರುವ ಒಳ್ಳೆಯ ಕೇಬಲ್ ಬಳಸಿ.

ನೆಟ್

ಆನ್‌ಲೈನ್ ಗೇಮ್‌ಗೆ ಬೇಕಾದ ವೇಗ ತೀರ ಕಡಿಮೆ, ಸಾಮಾನ್ಯವಾಗಿ 1 ಎಂಬಿಪಿಎಸ್ ಒಳಗೇ. ಬೇಕಾದ್ದು ಸಮಯಪಾಲನೆ. 300 ಎಂಬಿಪಿಎಸ್ ಪ್ಲಾನ್ ಇದ್ದೂ ಗೇಮ್ ತಡವರಿಸುವುದು ಅದಕ್ಕೇ ಆಶ್ಚರ್ಯವಲ್ಲ.

ಕಂಪ್ಯೂಟರ್‌ನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು ಎರಡು ಪಿಂಗ್ (ಸಣ್ಣ ಸಂದೇಶ ಹೋಗಿಬರಲು ಹಿಡಿಯುವ ಸಮಯ ಅಳೆಯುವ ಆಜ್ಞೆ) ಒಟ್ಟಿಗೆ ಓಡಿಸಿ. ಒಂದು ಮನೆಯ ರೌಟರ್‌ಗೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಇನ್ನೊಂದು ಹೊರಗಿನ 8.8.8.8ಕ್ಕೆ. ಕಂಪ್ಯೂಟರ್ ಕನ್ಸೋಲ್ ಇರುವ ಜಾಗದಲ್ಲೇ, ಅದೇ ವೈಫೈನಲ್ಲಿ ಇರಲಿ. ರೌಟರ್ ಪಿಂಗ್ 2-5 ಮಿಲಿಸೆಕೆಂಡ್‌ನಲ್ಲಿ ನಿಲ್ಲದೆ ಆಗಾಗ 80, 200 ಎಂದು ಹಾರಿದರೆ ತಪ್ಪು ವೈಫೈನದು, ನೆಟ್ ಕಂಪನಿಗೆ ಫೋನ್ ಮಾಡಿ ಫಲವಿಲ್ಲ. ರೌಟರ್ ಪಿಂಗ್ ಗಟ್ಟಿಯಾಗಿ ನಿಂತು ಹೊರಗಿನದು ಮಾತ್ರ ಹಾರಿದರೆ ತಪ್ಪು ಲೈನ್‌ನದು.

ವೈಫೈ ತಪ್ಪಾದರೆ ಲ್ಯಾನ್ ಕೇಬಲ್ ಎಳೆಯುವುದೇ ಸರಿಯಾದ ಮದ್ದು, ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೂ ಓಡುತ್ತದೆ. ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಮೊದಲ ಮಾದರಿಯ, ದಪ್ಪ ಪಿಎಸ್4ರಲ್ಲಿ 5 ಗಿಗಾಹರ್ಟ್ಸ್ ಇಲ್ಲವೇ ಇಲ್ಲ, ಅದಕ್ಕೆ ಕೇಬಲ್ಲೇ ಗತಿ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಇರುವುದನ್ನು ಆರಿಸಿ.

ಲೈನ್ ತಪ್ಪಾದರೆ ಮೊದಲು ಮನೆಯವರ ಅಪ್‌ಲೋಡ್ ನೋಡಿ. ಯಾರದೋ ಫೋನ್ ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಏರಿಸುತ್ತಿರುತ್ತದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಎಂದುಕೊಳ್ಳಿ. ಮೋಡೆಮ್‌ನ ಬಾಗಿಲಲ್ಲಿ ಬರೀ 1 ಎಂಬಿ (ಅಂದರೆ 8 ಮೆಗಾಬಿಟ್) ಸಾಲುಗಟ್ಟಿ ನಿಂತರೂ ಅದು ಹೊರಹೋಗಲು 0.8 ಸೆಕೆಂಡ್ ಬೇಕು. ನಿಮ್ಮ ಗೇಮ್‌ನ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ, ಪಿಂಗ್ 800 ತೋರಿಸುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಪಿಂಗ್ ಓಡುತ್ತಿರುವಾಗಲೇ ಫೋನ್‌ನಿಂದ ದೊಡ್ಡ ವಿಡಿಯೊ ಅಪ್‌ಲೋಡ್‌ಗೆ ಹಾಕಿ, ಸಂಖ್ಯೆ 20ರಿಂದ ನೂರಾರಕ್ಕೆ ಜಿಗಿದರೆ ಕಳ್ಳ ಸಿಕ್ಕ. ರೌಟರ್‌ನಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ (ಈ ಸಾಲನ್ನು ನಿಭಾಯಿಸುವ ಸೌಲಭ್ಯ) ಇದ್ದರೆ ಆನ್ ಮಾಡಿ, ಮಿತಿಯನ್ನು ನಿಜವಾದ ವೇಗದ ಶೇ 85ರಿಂದ 90ಕ್ಕೆ ಕಟ್ಟಿ, ಅಂದರೆ 10ಕ್ಕೆ 8.5 ಅಥವಾ 9. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಾಲು ಮೋಡೆಮ್‌ನಲ್ಲಿ ಕಟ್ಟದೆ ರೌಟರ್‌ನ ಹತೋಟಿಯಲ್ಲಿ ಉಳಿಯುತ್ತದೆ. ರೌಟರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಆಡುವ ಹೊತ್ತಿಗೆ ಬ್ಯಾಕಪ್ ನಿಲ್ಲಿಸಿ.

ಕನ್ಸೋಲ್‌ನ ನೆಟ್ ಪರೀಕ್ಷೆಯಲ್ಲಿ ನ್ಯಾಟ್ (ಹೊರಗಿನ ಸಂಪರ್ಕಗಳನ್ನು ರೌಟರ್ ಎಷ್ಟು ಒಳಬಿಡುತ್ತದೆ ಎಂಬುದು) ಟೈಪ್ 3 ಅಥವಾ ಸ್ಟ್ರಿಕ್ಟ್ ಎಂದು ಬಂದರೆ ಜೊತೆಗಾರರು ಸಿಗದಿರುವುದು, ಮಾತು ಕೇಳದಿರುವುದು ಆಗುತ್ತದೆ. ಪಿಂಗ್ ಏರುವುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ರೌಟರ್‌ನಲ್ಲಿ ಯುಪಿಎನ್‌ಪಿ (ಗೇಮ್‌ಗೆ ಬೇಕಾದ ದಾರಿಯನ್ನು ತಾನೇ ತೆರೆಯುವ ಸೌಲಭ್ಯ) ಆನ್ ಮಾಡಿ. ಕಂಪನಿಯ ಮೋಡೆಮ್ ಹಿಂದೆ ನಿಮ್ಮದೇ ರೌಟರ್ ಇದ್ದರೆ ಒಂದನ್ನು ಬ್ರಿಡ್ಜ್ ಮೋಡ್‌ಗೆ (ಬರೀ ಮಾಹಿತಿ ದಾಟಿಸುವ ಸ್ಥಿತಿಗೆ) ಹಾಕಿ.

ಡಿಎನ್‌ಎಸ್ ಬದಲಿಸಿದರೆ ಲ್ಯಾಗ್ ಹೋಗುತ್ತದೆ ಎಂಬುದು ಸುಳ್ಳು. ಸರ್ವರ್‌ನ ವಿಳಾಸ ಹುಡುಕುವವರೆಗೆ ಮಾತ್ರ ಡಿಎನ್‌ಎಸ್ ಕೆಲಸ, ಆಟ ಶುರುವಾದ ಮೇಲೆ ಅದು ನಡುವೆ ಬರುವುದೇ ಇಲ್ಲ. ದೂರಕ್ಕಂತೂ ಮದ್ದಿಲ್ಲ: ಫೈಬರ್‌ನಲ್ಲಿ ಬೆಳಕು ಸೆಕೆಂಡ್‌ಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 4000 ಕಿಲೋಮೀಟರ್ ಆಚೆ ಇದ್ದರೆ ಹೋಗಿಬರಲು 40 ಮಿಲಿಸೆಕೆಂಡ್ ಹೇಗೂ ಬೇಕು. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಹತ್ತಿರದ ಸರ್ವರ್ ಪ್ರದೇಶ ಆರಿಸಿರುವಿರಾ ಎಂದು ನೋಡಿ.

ಕೊನೆಗೆ ರೀಸೆಟ್

ನೆಗಡಿಗೆ ಮೂಗು ಕೊಯ್ದುಕೊಳ್ಳುವ ಚಟ ಬೇಡ. ಮೇಲಿನದೆಲ್ಲ ಮುಗಿದು, ದೋಷ ಕನ್ಸೋಲ್‌ನೊಳಗೇ ಇದೆ ಎಂದು ಖಚಿತವಾದ ಮೇಲೆ ಮಾತ್ರ ರೀಸೆಟ್. ಎಕ್ಸ್‌ಬಾಕ್ಸ್‌ನಲ್ಲಿ ಸಿಸ್ಟಮ್, ಕನ್ಸೋಲ್ ಇನ್ಫೊ, ರೀಸೆಟ್ ಕನ್ಸೋಲ್ ಒಳಗೆ ಗೇಮ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಇದೆ, ಮೊದಲು ಅದನ್ನೇ ಮಾಡಿ. ಸ್ವಿಚ್ ಆಫ್ ಇರುವಾಗ ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದು ಪವರ್ ಒತ್ತಿದರೆ ಮೇಂಟೆನೆನ್ಸ್ ಮೋಡ್ ಬರುತ್ತದೆ, ಅಲ್ಲಿ ಸೇವ್ ಡೇಟಾ ಉಳಿಸಿಕೊಂಡು ಉಳಿದದ್ದನ್ನು ಅಳಿಸಬಹುದು. ಪ್ಲೇಸ್ಟೇಷನ್‌ನಲ್ಲಿ ಸೇವ್‌ಗಳನ್ನು ಕ್ಲೌಡ್‌ಗೆ ಕಳಿಸಿ, ನಿಜವಾಗಿಯೂ ತಲುಪಿವೆಯೇ ಎಂದು ದಿನಾಂಕ ನೋಡಿಕೊಳ್ಳಿ. ಕ್ಲೌಡ್‌ಗೆ ಬೇಕಾದ ಪಿಎಸ್ ಪ್ಲಸ್ ಚಂದಾ ಇಲ್ಲದವರಿಗೆ ಪಿಎಸ್4ರ ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ನಕಲಿಸುವ ದಾರಿ ಇದೆ. ಪಿಎಸ್5 ಗೇಮ್‌ಗಳ ಸೇವ್ ಹಾಗೆ ನಕಲಾಗುವುದಿಲ್ಲ, ಇಡೀ ಯಂತ್ರದ ಬ್ಯಾಕಪ್ಪನ್ನೇ ಯುಎಸ್‌ಬಿ ಡ್ರೈವ್‌ಗೆ ತೆಗೆಯಬೇಕು.

ರೀಸೆಟ್ ಆದ ಕೂಡಲೇ ಎಲ್ಲ ಗೇಮ್‌ಗಳನ್ನೂ ಡೌನ್‌ಲೋಡ್‌ಗೆ ಹಾಕಬೇಡಿ. ಸಿಸ್ಟಮ್ ಅಪ್‌ಡೇಟ್ ಮುಗಿಸಿ, ಮೊದಲು ತೊಂದರೆ ಕೊಟ್ಟ ಗೇಮ್ ಒಂದನ್ನೇ ಹಾಕಿ, ಡೌನ್‌ಲೋಡ್ ಏನೂ ಓಡದಿರುವಾಗ ಅದೇ ಜಾಗಕ್ಕೆ ಹೋಗಿ ಆಡಿ. ಖಾಲಿ ಡಿಸ್ಕ್, ಹೊಸ ಸಿಸ್ಟಮ್, ಒಂದೇ ಗೇಮ್ ಇದ್ದೂ ಮೆನು ತಡವರಿಸಿದರೆ ಸಾಫ್ಟ್‌ವೇರ್ ದಾರಿ ಅಲ್ಲಿಗೆ ಮುಗಿಯಿತು. ಪಿಎಸ್4 ಆದರೆ ಡಿಸ್ಕ್ ಬದಲಿಸಿ. ಪಿಎಸ್5 ಆದರೆ ಎಸ್‌ಎಸ್‌ಡಿ ಬೋರ್ಡ್‌ಗೇ ಬೆಸೆದಿರುತ್ತದೆ, ಎಕ್ಸ್‌ಬಾಕ್ಸ್ ಸೀರೀಸ್ ಆದರೆ ಡ್ರೈವ್ ಯಂತ್ರಕ್ಕೇ ಜೋಡಿಯಾಗಿರುತ್ತದೆ. ಇವೆರಡನ್ನೂ ಸರ್ವಿಸ್‌ಗೆ ಕೊಡಬೇಕು. ಕೊಡುವಾಗ ‘ಲ್ಯಾಗ್ ಆಗುತ್ತೆ’ ಎಂದಷ್ಟೇ ಬರೆಸದೆ, ಯಾವ ಯಾವ ಪರೀಕ್ಷೆ ಮಾಡಿದಿರಿ, ಯಾವ ಎರರ್ ಸಂಖ್ಯೆ ಬಂತು, ಆನ್ ಮಾಡಿ ಎಷ್ಟು ನಿಮಿಷಕ್ಕೆ ಶುರುವಾಗುತ್ತದೆ ಎಂಬುದನ್ನು ಬರೆಸಿ, ಆ ಕ್ಷಣದ ವಿಡಿಯೊ ಇದ್ದರೆ ತೋರಿಸಿ.